ದೊರೆಸಾನಿ ಮನೆಯ ಮೊದಲ ಉಂಡೆ

ಗಂಡ ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮತ್ತೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಎನ್ನುವುದು ನನಗೆ ಹೊಳೆಯಲು ಸುಮಾರು ದಿನ ಹಿಡಿಯಿತು. ವಯಸ್ಸಾದವರು, ಚಳಿಗಾಲ ಬೇರೆ, ಪಾಪ ಎಂದುಕೊಂಡಿದ್ದೆ. ಒಂದು ದಿನ ಅವನು ಮೊದಲು ಕನ್ನಡಕ, ಆಮೇಲೆ ಮಾಸ್ಕು ಮರೆತು ವಾಪಸು ಬಂದ. ಅವನ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಅತ್ತೆ ಮತ್ತೆ ಒಳಗೆ ಓಡಿ ಚಿಲಕ ಹಾಕಿಕೊಂಡರು. ಆಗ ಅರ್ಥವಾಯಿತು. ಗಂಡನನ್ನು ಕಳೆದುಕೊಂಡವಳು ಹೊರಗೆ ಹೊರಟ ಮಗನ ಎದುರಿಗೆ ಬರಬಾರದು ಎಂದು ಬಚ್ಚಿಟ್ಟುಕೊಳ್ಳುತ್ತಿದ್ದರು.

ನನ್ನ ಗಂಡ ಜಪಾನಿನ ಸಗಮಿಹಾರಾದ ಬಾಹ್ಯಾಕಾಶ ವಿಜ್ಞಾನದ ಕ್ಯಾಂಪಸ್ಸಿನಲ್ಲಿ ಸಂಶೋಧಕ. ಭೂಮಿ ಬಿಟ್ಟು ಹೋದ ಯಂತ್ರಗಳಿಗೆ ಇಲ್ಲಿ ಕೂತು ಹೀಗೆ ತಿರುಗು, ಹಾಗೆ ತಿರುಗು ಎಂದು ಅಪ್ಪಣೆ ಕೊಡುವ ಗುಂಪಿನವನು. ಅಂಥವನ ಯಂತ್ರ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದರೆ ಅದಕ್ಕೆ ತನ್ನ ಬೋಳು ಹಣೆಯೇ ಕಾರಣವಾದೀತು ಎಂದು ಅವನ ತಾಯಿಗೆ ಹೆದರಿಕೆ. ಅವನಿಗೆ ಇದ್ಯಾವುದೂ ಗೊತ್ತಿಲ್ಲ. ಕೋಟಿಗಟ್ಟಲೆ ಮೈಲಿ ದೂರದ್ದು ಕಾಣುತ್ತದೆ, ಬಾತ್‌ರೂಮಿನ ಬಾಗಿಲು ಕಾಣುವುದಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಅತ್ತೆಯ ಮೇಲಂತೂ ಅಲ್ಲ.

ಅವರು ಬಂದದ್ದು ಚಳಿಗಾಲ ಕಳೆಯುವವರೆಗೆ ಮೊಮ್ಮಗಳ ಜೊತೆ ಇದ್ದು ಹೋಗಲು. ಮಾವ ಬರಲಿಲ್ಲ. ಮೈಸೂರು ಬಿಟ್ಟರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳಗಿನ ವಾಕಿಂಗಿನ ಗೆಳೆಯರು, ಸಂಜೆಯ ಕಟ್ಟೆ ಪುರಾಣ, ಯಾರದೋ ಮನೆಯ ಮದುವೆಗೆ ಛತ್ರ ಹುಡುಕಿಕೊಡುವುದು, ಇವೆಲ್ಲ ಇಲ್ಲದೆ ಅವರು ಬದುಕಲಾರರು. ಅಷ್ಟರಲ್ಲಿ ಕೊರೋನಾ ಬಂತು. ಅತ್ತೆಯ ಟಿಕೆಟ್ ರದ್ದಾಯಿತು, ಮತ್ತೆ ಮಾಡಿಸಿದೆವು, ಮತ್ತೆ ರದ್ದಾಯಿತು. ವೀಸಾ ಮುಂದುವರಿಸಲು ಯೋಕೋಹಾಮಾದ ಕಚೇರಿಗೆ ಅಲೆದೆವು. ವಿಮಾನ ಸಿಗುವ ಹೊತ್ತಿಗೆ ಮಾವನೇ ಬೇಡವೆಂದರು. ಇಲ್ಲಿಗಿಂತ ಅಲ್ಲೇ ವಾಸಿ, ಸ್ವಲ್ಪ ತಣ್ಣಗಾಗಲಿ, ಆಮೇಲೆ ಬಾ ಎಂದರು.

ಎರಡನೇ ಅಲೆಯಲ್ಲಿ ಅವರೇ ಹೋಗಿಬಿಟ್ಟರು. ನಾದಿನಿ ಮೈಸೂರಿನಲ್ಲೇ ಇದ್ದಳು, ಅವಳನ್ನೂ ಹತ್ತಿರ ಬಿಡಲಿಲ್ಲ. ಸ್ಮಶಾನದಲ್ಲಿ ಮೈತುಂಬ ಪ್ಲಾಸ್ಟಿಕ್ ತೊಟ್ಟವರು ಮಾವನನ್ನು ವ್ಯಾನಿನಿಂದ ಇಳಿಸಿದರು. ಅವಳು ಗೇಟಿನಾಚೆ ನಿಂತು ಫೋನು ಹಿಡಿದಳು. ನಾವು ಇಲ್ಲಿ ಡೈನಿಂಗ್ ಟೇಬಲ್ಲಿನ ಮೇಲೆ ಉಪ್ಪಿನಕಾಯಿ ಜಾಡಿಗೆ ಫೋನು ಒರಗಿಸಿಕೊಂಡು ನೋಡಿದೆವು. ಚಿತ್ರ ನಿಂತು ನಿಂತು ಬರುತ್ತಿತ್ತು, ಹೊಗೆ ಬರುವಾಗ ಪೂರ್ತಿ ನಿಂತೇಹೋಯಿತು.

ಅತ್ತೆ ಅಳಲಿಲ್ಲ. ಮಗಳನ್ನು ಕೇಳಿದ್ದು ಒಂದೇ ಮಾತು.

"ಯಾರ್ಯಾರು ಬಂದಿದ್ರು?"

"ಯಾರೂ ಇರ್ಲಿಲ್ಲಮ್ಮ. ಬಿಡ್ಲಿಲ್ಲ."

ನಮ್ಮ ಕಡೆ ಸಾವಿನ ಸುದ್ದಿ ಬಂದಾಗ ಎಲ್ಲರೂ ಕೇಳುವ ಮಾತೇ ಅದು. ಬದುಕಿದ್ದಾಗ ಎಷ್ಟು ಬೈದಾಡಿಕೊಂಡರೂ ಕೊನೆಗೆ ಮನುಷ್ಯನ ಬೆಲೆ ಗೊತ್ತಾಗುವುದು ಬಾಗಿಲಲ್ಲಿ ಎಷ್ಟು ಚಪ್ಪಲಿ ಬಿದ್ದಿದ್ದವು ಎಂಬುದರಲ್ಲಿ. ಮಾವ ಬೀದಿಯ ಅರ್ಧ ಜನಕ್ಕೆ ಹೆಗಲು ಕೊಟ್ಟವರು. ಅತ್ತೆ ವಾರ ಬಿಟ್ಟು ಅದನ್ನೇ ಕೇಳಿದರು, ತಿಂಗಳು ಬಿಟ್ಟು ಮತ್ತೆ ಕೇಳಿದರು, ಉತ್ತರ ಬದಲಾದೀತೇನೋ ಎನ್ನುವ ಹಾಗೆ. ನಾದಿನಿ ಫೋನಿನಲ್ಲೇ ಅಳುತ್ತಿದ್ದಳು, ಇವರು ಕಲ್ಲಿನ ಹಾಗೆ ಕೂತಿರುತ್ತಿದ್ದರು. ಬಳೆ, ಕುಂಕುಮ ತಾವೇ ತೆಗೆದಿಟ್ಟರು. ಟೋಕಿಯೋದ ಓಜಿಮಾದಲ್ಲಿರುವ ನಮ್ಮ ಕಡೆಯ ಗೆಳತಿಯರೆಲ್ಲ ಸೇರಿ ಜೂಮಿನಲ್ಲಿ ವರಮಹಾಲಕ್ಷ್ಮಿ ಪೂಜೆ ಇಟ್ಟುಕೊಂಡ ದಿನ, ವರ್ಷದೊಳಗೆ ನಮಗೆ ಹಬ್ಬವಿಲ್ಲವೆಂದು ನಾನು ಬರೀ ದೀಪ ಹಚ್ಚಿಕೊಂಡು ನೋಡುತ್ತ ಕೂತಿದ್ದರೆ, ಅತ್ತೆ ಕ್ಯಾಮೆರಾಗೆ ಕಾಣದ ಹಾಗೆ ಫ್ರಿಜ್ಜಿನ ಪಕ್ಕ ಸರಿದು ಕೂತು, ದೀಪದ ಬತ್ತಿ ಸರಿಮಾಡು ಎಂದು ಅಲ್ಲಿಂದಲೇ ನನಗೆ ಸನ್ನೆ ಮಾಡಿದರು.

ನಮ್ಮ ಮನೆಯ ಮಾಲೀಕರ ವಿಷಯ ಈಗ ಹೇಳಬೇಕು. ಇಲ್ಲಿ ಮನೆ ಮಾಲೀಕರನ್ನು ಓಯಾ-ಸಾನ್ ಎನ್ನುತ್ತಾರೆ. ನಮ್ಮ ಓಯಾ-ಸಾನ್ ಎಪ್ಪತ್ತು ದಾಟಿದ ಹೆಂಗಸು, ಅಪಾರ್ಟ್‌ಮೆಂಟಿನ ಬೆನ್ನಿಗಿರುವ ಹಳೆಯ ಮರದ ಮನೆಯಲ್ಲಿ ಒಬ್ಬರೇ ಇದ್ದರು. ಗಂಡ ವೃದ್ಧರ ಆರೈಕೆ ಮನೆ ಸೇರಿದ್ದರು. ಕೊರೋನಾದಿಂದ ಭೇಟಿ ಬಂದ್, ಇವರು ಅಂಗಳದಲ್ಲಿ ನಿಂತು ಕಿಟಕಿಗೆ ಕೈಬೀಸಿ ಬರುತ್ತಿದ್ದರು. ಮಾಲೀಕರೆಂದರೆ ನನಗೆ ಮೊದಲಿನಿಂದ ಅಷ್ಟಕ್ಕಷ್ಟೆ. ಈ ದೇಶದಲ್ಲಿ ಬಾಡಿಗೆ ಕೊಡಲು ಅವಕಾಶ ಮಾಡಿಕೊಟ್ಟದ್ದಕ್ಕೆ ಅವರಿಗೆ ಬೇರೆ ಕಾಣಿಕೆ ಸಲ್ಲಿಸಬೇಕು, ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಮೊದಲ ವರ್ಷ, ಎಲ್ಲರೂ ಮನೆಯಲ್ಲೇ ಕೂತಿದ್ದ ಕಾಲದಲ್ಲಿ, ಮಾವ ಇನ್ನೂ ಇದ್ದಾಗ, ನಾನೂ ಅತ್ತೆಯೂ ಸಂಜೆ ಅವರ ಮನೆ ಮುಂದೆ ಅಡ್ಡಾಡುತ್ತಿದ್ದೆವು. ಅವರು ಜಗಲಿಗೆ ಕರೆದು, ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕೂರಿಸಿ, ಫ್ಲಾಸ್ಕಿನಲ್ಲಿ ಚಹಾ ಇಡುತ್ತಿದ್ದರು. ಬೆಂಗಳೂರಿನ ತಂಡಕ್ಕೂ ಟೋಕಿಯೋದ ಗಿರಾಕಿಗೂ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುವುದೇ ನನ್ನ ಉದ್ಯೋಗ. ಜಗಲಿಯಲ್ಲೂ ಅದೇ ಆಯಿತು.

ಆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಫೋಟೋ ಇತ್ತು. ಕಪ್ಪು ಕಿಮೋನೋ ಉಟ್ಟ ಹೆಂಗಸು, ನೆಟ್ಟಗೆ ಕೂತಿದ್ದಾಳೆ, ಕೂದಲು ಕತ್ತಿನವರೆಗೆ ಮೊಂಡಾಗಿ ಕತ್ತರಿಸಿದೆ, ನೋಟದಲ್ಲಿ ದರ್ಪ. ಓಯಾ-ಸಾನ್ ಅವರ ಗಂಡನ ಮುತ್ತಜ್ಜಿಯಂತೆ. ನಮ್ಮ ಅಪಾರ್ಟ್‌ಮೆಂಟು, ಪಾರ್ಕಿಂಗ್ ಜಾಗ, ಮೂಲೆಯ ಕೊಂಬಿನಿ ಅಂಗಡಿ ಎಲ್ಲ ಸೇರಿ ಕಣ್ಣಿಗೆ ಕಾಣುವಷ್ಟು ದೂರ ಒಂದು ಕಾಲಕ್ಕೆ ಆಕೆಯ ಹಿಪ್ಪುನೇರಳೆ ತೋಟ. ನಾನು ಕನ್ನಡದಲ್ಲಿ, ನೋಡಿ ಅತ್ತೆ ದೊರೆಸಾನಿ ಹೇಗೆ ಕೂತಿದ್ದಾಳೆ, ಬಾಡಿಗೆ ತಡವಾದರೆ ಗೋಡೆಯಿಂದಲೇ ಗದರಿಸುವ ಹಾಗಿದ್ದಾಳೆ ಎಂದೆ. ಅತ್ತೆ ನಗಲಿಲ್ಲ. ಇವರ ಯಜಮಾನರು ಬೇಗ ಹೋಗಿಬಿಟ್ಟರೇನೋ ಕೇಳು ಎಂದರು. ತಮ್ಮ ಅಜ್ಜಿಗೂ ಹೀಗೇ ಕೂದಲು ತೆಗೆಸಿದ್ದರು ಎಂದರು. ನಾನು ಕೇಳಿದಾಗ ಓಯಾ-ಸಾನ್ ಚಹಾ ಬಗ್ಗಿಸುವುದನ್ನು ನಿಲ್ಲಿಸಿದರು. ಹೌದು, ಆಗಿನ ಕತ್ತಿ ಹಿಡಿವ ಮನೆತನಗಳಲ್ಲಿ ಗಂಡ ಸತ್ತರೆ ಹೆಂಗಸರು ಕೂದಲು ಕತ್ತರಿಸಿಕೊಳ್ಳುತ್ತಿದ್ದರು, ಫೋಟೋ ನೋಡಿದ ಕೂಡಲೇ ಅದನ್ನು ಗುರುತಿಸಿದ ಹೊರಗಿನವರು ನೀವೇ ಮೊದಲು ಎಂದರು. ಅಲ್ಲಿಂದ ಮುಂದೆ ಆ ಹೆಸರೇ ನಮ್ಮಲ್ಲಿ ನಿಂತಿತು, ದೊರೆಸಾನಿ.

ಅವಳ ಕತೆ ನಮಗೆ ಒಂದೇ ದಿನಕ್ಕೆ ಸಿಗಲಿಲ್ಲ. ಸಂಜೆಗೆ ಇಷ್ಟಿಷ್ಟು ಎಂದು ಆ ಶರತ್ಕಾಲವೆಲ್ಲ ನಡೆಯಿತು. ದೊರೆಸಾನಿ ಒಬ್ಬ ಪಾಳೆಯಗಾರನ ಮಂತ್ರಿಯ ಮಗಳು. ಪಾಳೆಯಪಟ್ಟುಗಳೆಲ್ಲ ರದ್ದಾಗಿ ತವರಿನವರು ಬರಿಗೈಯಾದ ಮೇಲೆ ಈ ಜಮೀನುದಾರರ ಮನೆಗೆ ಬಂದಳು. ಗಂಡ ಒಳ್ಳೆಯವನು, ಹೊಸದರ ಹುಚ್ಚು. ಹಳ್ಳಿಯ ಹೆಂಗಸರು ಮನೆಮನೆಯಲ್ಲಿ ಗಡಿಗೆಯಲ್ಲಿ ರೇಷ್ಮೆಗೂಡು ಬೇಯಿಸಿ ಕೈಯಲ್ಲೇ ನೂಲು ಬಿಚ್ಚುತ್ತಿದ್ದ ಕಾಲ ಅದು. ಒಂದು ಎಳೆ ದಪ್ಪ, ಒಂದು ಎಳೆ ಸಣ್ಣ. ಯೋಕೋಹಾಮಾದ ಬಂದರಿನಲ್ಲಿ ಪರದೇಶದ ಸಾಹುಕಾರರು ಮೂಗು ಮುರಿಯುತ್ತಿದ್ದರು, ದಲ್ಲಾಳಿಗಳು ಕೊಟ್ಟದ್ದೇ ಬೆಲೆ. ಒಂದು ಕಾರ್ಖಾನೆ ಹಾಕೋಣ ಎಂದು ವಿಚಾರಿಸಲು ಗಂಡ ಬಂದರಿಗೆ ಹೋದ. ಬರುವಾಗ ಕಾಲರಾ ತಂದ. ಆಗ ಆ ರೋಗದಿಂದ ಸತ್ತವರನ್ನು ಮನೆಯವರಿಗೆ ಕೊಡುತ್ತಿರಲಿಲ್ಲ. ಗೊತ್ತುಮಾಡಿದ ಆಳುಗಳು ಬಂದು ಹೊತ್ತುಕೊಂಡು ಹೋಗಿ, ಊರಾಚೆ ಸುಟ್ಟು, ಸುಣ್ಣ ಸುರಿದು ಬರುತ್ತಿದ್ದರು. ಪುರೋಹಿತರಿಲ್ಲ, ನೆಂಟರಿಲ್ಲ. ಊರಿನವರು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು.

ಮೈದುನ ಬಂದು, ತವರಿಗೆ ಹೋಗು, ಜಮೀನು ನಾನು ನೋಡಿಕೊಳ್ಳುತ್ತೇನೆ ಎಂದ. ಅವಳು ಕೂದಲು ಕತ್ತರಿಸಿಕೊಂಡಳು, ಆದರೆ ಮನೆ ಬಿಡಲಿಲ್ಲ. ಚಿಕ್ಕ ಮಗನ ಹೆಸರಿನಲ್ಲಿ ತಾನೇ ಯಜಮಾನಿಕೆ ನಡೆಸಿದಳು. ಹೊಳೆಯ ನೀರಿಗೆ ಚಕ್ರ ಕಟ್ಟಿಸಿ, ನೂಲು ಬಿಚ್ಚುವ ಕಾರ್ಖಾನೆ ಎಬ್ಬಿಸಿ, ಸುತ್ತ ಎತ್ತರದ ಕಾಂಪೌಂಡು ಹಾಕಿಸಿದಳು. ಕಲಿತ ಹೆಂಗಸೊಬ್ಬಳನ್ನು ದೂರದಿಂದ ಕರೆಸಿ ಹಳ್ಳಿಯ ಹುಡುಗಿಯರಿಗೆ ಒಂದೇ ಸಮನಾದ ಎಳೆ ತೆಗೆಯುವುದನ್ನು ಕಲಿಸಿದಳು. ಕಾಲರಾ ಮತ್ತೆ ಬಂದ ಬೇಸಗೆಯಲ್ಲಿ ಕೆಲಸ ನಿಲ್ಲಿಸಿ, ಗೂಡು ಒಣಗಿಸುವ ಮನೆಯನ್ನೇ ರೋಗಿಗಳಿಗೆ ಬಿಟ್ಟುಕೊಟ್ಟು, ನೂಲಿನ ಕಡಾಯಿಗಳಲ್ಲಿ ನೀರು ಕಾಯಿಸಿ ಗಂಜಿ ಬೇಯಿಸಿದಳು. ಆ ವರ್ಷ ಒಕ್ಕಲುಗಳ ಗೇಣಿ ಬಿಟ್ಟಳು.

ನನಗೆ ಇಂಥ ಕತೆ ಕೇಳಿದರೆ ಒಳಗೊಂದು ಹುಳ ಕೊರೆಯುತ್ತದೆ. ಗೇಣಿ ಬಿಟ್ಟಳು ಸರಿ, ಜಮೀನು ಬಿಟ್ಟಳೇ? ಅಷ್ಟು ಎತ್ತರದ ಕಾಂಪೌಂಡು ಯಾಕಿತ್ತು? ಕೇಳಿಯೇಬಿಟ್ಟೆ. ಓಯಾ-ಸಾನ್ ಮುಚ್ಚಿಡಲಿಲ್ಲ. ಕತ್ತಲಿರುವಾಗ ಶುರುವಾದ ಕೆಲಸ ಕತ್ತಲಾದ ಮೇಲೆ ಮುಗಿಯುತ್ತಿತ್ತು, ಬಿಸಿನೀರಿನಲ್ಲಿ ಹುಡುಗಿಯರ ಬೆರಳು ಬೆಂದುಹೋಗುತ್ತಿದ್ದವು, ಗೋಡೆ ಹಾರಿ ಓಡಿಹೋದವರೂ ಇದ್ದರು ಎಂದರು. ಒಂದು ಕೈಯಲ್ಲಿ ಗಂಜಿ, ಇನ್ನೊಂದು ಕೈಯಲ್ಲಿ ಬೀಗ ಎಂದೆ ನಾನು. ಹೌದು, ಎರಡೂ ಕೈ ಅವರವೇ ಎಂದು ಅವರು ಶಾಂತವಾಗಿ ಹೇಳಿ ನನಗೆ ಇನ್ನಷ್ಟು ಚಹಾ ಹಾಕಿದರು. ಅತ್ತೆ ಮಾತ್ರ ಪೂರ್ತಿ ದೊರೆಸಾನಿಯ ಪಕ್ಷ. ಸಂಸಾರ ನಡೆಸುವವಳು ಗದರದೆ ಇರಲಾಗುತ್ತದೆಯೇ, ನೀನು ನಿನ್ನ ಬೆಂಗಳೂರಿನ ಹುಡುಗರಿಗೆ ಫೋನಿನಲ್ಲಿ ಮಾಡುವ ಗಲಾಟೆ ನನಗೆ ಕೇಳಿಸುವುದಿಲ್ಲವೇ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಆಗ ಅವರು ಇನ್ನೂ ಹಾಗೆ ಮಾತಾಡುತ್ತಿದ್ದರು.

ಮಾವ ಹೋದ ಮೇಲೆ ಅತ್ತೆ ಜಗಲಿಯ ಕಡೆ ತಲೆ ಹಾಕಲಿಲ್ಲ. ಸುದ್ದಿ ಕೇಳಿದ ಓಯಾ-ಸಾನ್ ನಮ್ಮ ಬಾಗಿಲಿನ ಹಿಡಿಗೆ ಆಗಾಗ ಹಣ್ಣಿನ ಚೀಲ ನೇತುಹಾಕಿ ಹೋಗುತ್ತಿದ್ದರು, ಬೆಲ್ ಮಾಡುತ್ತಿರಲಿಲ್ಲ. ಜನವರಿ ಶುರುವಿನಲ್ಲಿ ಒಂದು ದಿನ ಬೆಲ್ ಮಾಡಿ, ಮೆಟ್ಟಿಲ ತನಕ ಹಿಂದೆ ಸರಿದು ನಿಂತು, ಒಂದು ಕೋರಿಕೆ ಇದೆ, ಅಮ್ಮನವರನ್ನು ಕರೆಯುತ್ತೀರಾ ಎಂದರು.

ನಮ್ಮ ಸಂಕ್ರಾಂತಿಯ ಆಸುಪಾಸಿನಲ್ಲೇ ಇಲ್ಲಿನ ರೇಷ್ಮೆ ಸೀಮೆಯವರಿಗೂ ಒಂದು ಹಬ್ಬ. ಅಕ್ಕಿ ಹಿಟ್ಟಿನಲ್ಲಿ ರೇಷ್ಮೆಗೂಡಿನ ಆಕಾರದ ಉಂಡೆ ಮಾಡಿ, ಹಿಪ್ಪುನೇರಳೆಯ ಒಣ ಕೊಂಬೆಗೆ ಸಿಕ್ಕಿಸಿ, ಈ ವರ್ಷ ಗೂಡು ಚೆನ್ನಾಗಿ ಕಟ್ಟಲಿ ಎಂದು ಬೇಡಿಕೊಳ್ಳುತ್ತಾರೆ. ಹುಳು ಸಾಕುವವರು ಈಗ ಯಾರೂ ಇಲ್ಲ, ಹಬ್ಬ ಉಳಿದಿದೆ. ದೊರೆಸಾನಿಯ ಗಂಡ ಸತ್ತ ವರ್ಷ ಆ ಮನೆಯಲ್ಲಿ ಹಬ್ಬ ಮಾಡುವ ಹಾಗಿರಲಿಲ್ಲ. ಸಾವಾದ ಮನೆಯವರು ವರ್ಷವಿಡೀ ಶುಭಕಾರ್ಯದಿಂದ ದೂರವಿರುತ್ತಾರೆ, ನಮ್ಮಲ್ಲಿದ್ದ ಹಾಗೇ. ಆದರೆ ಊರಿನ ಮನೆಮನೆಯಲ್ಲೂ ಸಾವಾಗಿತ್ತು, ಹಾಗೆ ನೋಡಿದರೆ ಯಾರೂ ಮಾಡುವ ಹಾಗಿರಲಿಲ್ಲ. ದೊರೆಸಾನಿ ಅಂಗಳದಲ್ಲಿ ಕೊಂಬೆ ನೆಡಿಸಿ, ಎಲ್ಲರೆದುರು ಮೊದಲ ಉಂಡೆ ತಾನೇ ಸಿಕ್ಕಿಸಿ, ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಅವಳ ಪಂಗಡದ ಹೆಂಗಸರು ಗಂಡನ ಹೆಸರನ್ನು ಎಲ್ಲರ ಮುಂದೆ ಹೇಳುವವರಲ್ಲ. ಅವಳ ಹಿಂದೆ ಗಂಡ ಸತ್ತ ಒಬ್ಬೊಬ್ಬಳೂ ಬಂದು ತನ್ನವನ ಹೆಸರು ಹೇಳಿ ಉಂಡೆ ಸಿಕ್ಕಿಸಿದಳು. ಅಂದಿನಿಂದ ಆ ಮನೆಯಲ್ಲಿ ಮೊದಲ ಉಂಡೆ ಗಂಡನನ್ನು ಕಳೆದುಕೊಂಡ ಹೆಂಗಸಿನದೇ. ಅವಳು ಸಿಕ್ಕಿಸದೆ ಬೇರೆಯವರು ಕೊಂಬೆ ಮುಟ್ಟುವಂತಿಲ್ಲ.

ಹಿಂದಿನ ವರ್ಷ ಕೊರೋನಾ ಎಂದು ಹಬ್ಬವೇ ನಿಂತಿತ್ತು. ಈ ಸಲ ಮಾಡಬೇಕು, ಆದರೆ ಪ್ರತಿವರ್ಷ ಬರುತ್ತಿದ್ದ ಮುದುಕಿಯರನ್ನು ಮಕ್ಕಳು ಹೊರಗೆ ಬಿಡುತ್ತಿಲ್ಲ. "ನಾನೇ ಸಿಕ್ಕಿಸೋಣವೆಂದರೆ ನನ್ನ ಗಂಡ ಇದ್ದಾರೆ" ಎಂದರು ಓಯಾ-ಸಾನ್, ಏನೋ ಕೊರತೆ ಒಪ್ಪಿಕೊಳ್ಳುವವರಂತೆ.

ಮುತ್ತೈದೆಗೆ ಪ್ರವೇಶವಿಲ್ಲದ ಹಬ್ಬ! ಒಂದು ಕ್ಷಣ ನನಗೆ ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣವೇ ಸಿಟ್ಟು ಬಂತು. ಇವರ ಮನೆಯ ಸಂಪ್ರದಾಯಕ್ಕೆ ಒಬ್ಬ ವಿಧವೆ ಬೇಕಾಗಿತ್ತು, ಬಾಡಿಗೆ ಮನೆಯಲ್ಲೇ ಸಿಕ್ಕಿದರು ಎನ್ನಿಸಿತು. ಕೆಲಸದಲ್ಲಾದರೆ ಇಂಥ ಮಾತನ್ನು ನಾನೇ ಮಧ್ಯದಲ್ಲಿ ನಯವಾಗಿ ಮುಗಿಸಿಬಿಡುತ್ತಿದ್ದೆ. ಅವತ್ತು ಹೇಳಿದ್ದನ್ನೆಲ್ಲ ಬಿಡದೆ ಅತ್ತೆಗೆ ದಾಟಿಸಿದೆ. ಅವರು ಬಾಗಿಲ ಹಿಂದೆಯೇ ನಿಂತು ಕೇಳಿದರು.

"ನಮ್ಮಲ್ಲಿ ಇಂಥೋರನ್ನ ಮುಂದಕ್ಕೆ ಬಿಡಲ್ಲ ಅಂತ ಹೇಳಮ್ಮ."

ಹೇಳಿದೆ. ಇಲ್ಲಿ ಅಂಥವರಿಲ್ಲದೆ ಶುರುವಾಗುವುದೇ ಇಲ್ಲ ಎಂದು ಉತ್ತರ ಬಂತು. ಅತ್ತೆ ತಲೆ ಅಲ್ಲಾಡಿಸಿದರು. ಉಂಡೆ ಸಿಕ್ಕಿಸುವುದು ಹಾಗಿರಲಿ, ಹೆಸರು ಹೇಳುವುದೆಂದರೇನು? ನಾನು ಗಂಡನನ್ನು ಹೆಸರು ಹಿಡಿದು, ಸಿಟ್ಟು ಬಂದಾಗ ಅದನ್ನು ಅರ್ಧಕ್ಕೆ ತುಂಡುಮಾಡಿ ಕರೆಯುವವಳು. ಅತ್ತೆಯ ಬಾಯಲ್ಲಿ ಮಾವನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಇವರು, ನಮ್ಮನೆಯವರು, ನಿಮ್ಮಪ್ಪ, ತಾತ. ಮದುವೆಯಲ್ಲಿ ಹೊಸಿಲು ತಡೆದು ಹೆಸರು ಹೇಳು ಎಂದು ಪೀಡಿಸಿದಾಗಲೂ ಅತ್ತುಬಿಟ್ಟರೇ ಹೊರತು ಹೇಳಲಿಲ್ಲವಂತೆ. ರೇಷನ್ ಕಚೇರಿಯಲ್ಲಿ ಗುಮಾಸ್ತ ಗಂಡನ ಹೆಸರು ಕೇಳಿದರೆ ಅಕ್ಕಪಕ್ಕ ನಿಂತವರ ಕೈಯಲ್ಲಿ ಹೇಳಿಸುತ್ತಿದ್ದರು ಎಂದು ಮಾವ ನೆನೆಸಿಕೊಂಡು ನಗುತ್ತಿದ್ದರು. ಓಯಾ-ಸಾನ್ ಬಲವಂತ ಮಾಡಲಿಲ್ಲ. ಹಿಟ್ಟು ತಟ್ಟುವುದಕ್ಕಾದರೂ ಬನ್ನಿ, ನನಗೆ ಕೈ ಸಾಲದು ಎಂದು ಹೇಳಿ ಹೋದರು.

ಅವತ್ತು ಸಂಜೆ ಗಂಡನಿಗೆ ಎಲ್ಲ ಹೇಳಿದೆ, ಬಾತ್‌ರೂಮಿನ ವಿಷಯವನ್ನೂ. ಮರುದಿನ ಬೆಳಗ್ಗೆ ಅವನು ಶೂ ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ, ಬಾತ್‌ರೂಮಿನ ಬಾಗಿಲ ಮುಂದೆ ನಿಂತ. ಅಮ್ಮ, ನೀನು ಬಂದು ಕಳಿಸಿದರೇ ಹೋಗುವುದು ಎಂದ. ಅತ್ತೆ ಒಳಗೆ ನಲ್ಲಿ ಬಿಟ್ಟುಕೊಂಡರು. ಅವನ ಫೋನು ಬಡಿದುಕೊಳ್ಳತೊಡಗಿತು, ಮೀಟಿಂಗ್ ಶುರುವಾಗಿತ್ತು. ಕೊನೆಗೆ ಸೋತು ಹೊರಟ. ಬಾಗಿಲಲ್ಲಿ ನನ್ನ ಮುಖ ನೋಡಲಿಲ್ಲ, ಕಣ್ಣು ಕೆಂಪಾಗಿತ್ತು.

ಹಬ್ಬದ ದಿನ ಹಿಟ್ಟು ತಟ್ಟಲು ಅತ್ತೆ ಹೊರಟರು. ಅದೂ ಹಿಂದಿನ ಬಾಗಿಲಿನಿಂದ, ಒಳಗೇ ಇರುತ್ತೇನೆ ಎಂಬ ಕರಾರಿನ ಮೇಲೆ. ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು, ಗಾಳಿ ಕೊರೆಯುತ್ತಿತ್ತು. ಮಾಸ್ಕು ಹಾಕಿಕೊಂಡ ಇಬ್ಬರು ಮುದುಕಿಯರು ಮೇಜಿನ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ಬಿಸಿ ಹಿಟ್ಟು ನಾದಿದರು. ಅತ್ತೆ ಮೊದಲು ಮಾಡಿದ ಉಂಡೆಗಳು ಕಡುಬಿನ ಹಾಗೆ ದಪ್ಪಗಿದ್ದವು. ಓಯಾ-ಸಾನ್ ನಡು ಸ್ವಲ್ಪ ಸಣ್ಣಗಾಗಬೇಕೆಂದು ಬೆರಳಲ್ಲಿ ತೋರಿಸಿದರು. ಆಮೇಲೆ ಇಬ್ಬರಿಗೂ ನನ್ನ ಅಗತ್ಯವೇ ಬೀಳಲಿಲ್ಲ. ಬಹಳ ದಿನಗಳ ಮೇಲೆ ಅತ್ತೆಯ ಭುಜ ಸಡಿಲಾದದ್ದನ್ನು ನೋಡಿ ನನಗೆ ಹಾಯೆನಿಸಿತು.

ಅಂಗಳದಲ್ಲಿ ಜನ ಸೇರಿದ್ದರು. ಅಕ್ಕಪಕ್ಕದವರು, ಹಳೆಯ ಕಾರ್ಖಾನೆಯಲ್ಲಿ ಅಜ್ಜಿ ಮುತ್ತಜ್ಜಿಯರು ದುಡಿದಿದ್ದ ಮನೆಯವರು, ನನ್ನ ಮಗಳ ಶಾಲೆಯ ಕೆಲವು ಮಕ್ಕಳು. ನೆಲದ ಮೇಲೆ ಸುಣ್ಣದಲ್ಲಿ ಗುರುತು ಮಾಡಿದ್ದ ಜಾಗಗಳಲ್ಲಿ ದೂರ ದೂರ ನಿಂತಿದ್ದರು. ನಡುವೆ ಬೋಳು ಕೊಂಬೆ. ಗಂಡ ರಜೆ ಹಾಕಿ ಬಂದು ಮಗಳ ಪಕ್ಕ ನಿಂತಿದ್ದ. ಓಯಾ-ಸಾನ್ ಉಂಡೆಗಳ ತಟ್ಟೆ ಒಯ್ದು ಕೊಂಬೆಯ ಬುಡದಲ್ಲಿಟ್ಟು, ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತರು. ಯಾರನ್ನೂ ಕರೆಯಲಿಲ್ಲ. ಈ ಜನಕ್ಕೆ ಕಾಯುವುದು ಗೊತ್ತು. ಒಬ್ಬರೂ ಕೆಮ್ಮಲಿಲ್ಲ, ಗಡಿಯಾರ ನೋಡಲಿಲ್ಲ. ಅತ್ತೆ ಜಾರುಬಾಗಿಲಿನ ಮರೆಯಲ್ಲಿ ನನ್ನ ಹಿಂದೆ ನಿಂತಿದ್ದರು.

"ಯಾಕೆ ಸುಮ್ನೆ ನಿಂತಿದಾರೆ?"

"ನಿಮಗೋಸ್ಕರ."

"ನಾನ್ ಬರಲ್ಲ ಅಂದಿದೀನಲ್ಲ. ಶುರು ಮಾಡಕ್ಕೆ ಹೇಳು."

"ಅವರು ಮಾಡಲ್ಲ ಅತ್ತೆ. ನೀವು ಹೋಗ್ಲಿಲ್ಲ ಅಂದ್ರೆ ಸ್ವಲ್ಪ ಹೊತ್ತು ನೋಡಿ ಮನೆಗೆ ಹೋಗ್ತಾರೆ, ಅಷ್ಟೇ. ನಿಮ್ಮನ್ನ ಯಾರೂ ಏನೂ ಅನ್ನಲ್ಲ."

ಅವರು ಬಾಗಿಲ ಸಂದಿಯಿಂದ ನೋಡಿದರು. ಬಿಸಿಲಿತ್ತು, ಆದರೂ ಮಕ್ಕಳು ಚಳಿಗೆ ಕಾಲು ಕುಣಿಸುತ್ತಿದ್ದವು.

"ಆ ದೊರೆಸಾನಿ ಗಂಡಂಗೂ ಯಾರೂ ಬಂದಿರ್ಲಿಲ್ಲ ಅಂದ್ಯಲ್ಲ?"

"ಹೂಂ. ಯಾರೂ ಬಂದಿರ್ಲಿಲ್ಲ."

ಅತ್ತೆ ಸ್ವೆಟರಿನ ಮೇಲೆ ಸೆರಗು ಹೊದ್ದರು. ಜಗಲಿಯ ಕೆಳಗಿದ್ದ ಯಾರದೋ ಮರದ ಚಪ್ಪಲಿಗೆ ಕಾಲು ತೂರಿಸಿ, ನನ್ನ ಕೈ ಹಿಡಿಯದೆ ಇಳಿದು ಹೋದರು. ತಟ್ಟೆಯಿಂದ ಒಂದು ಬಿಳಿ ಉಂಡೆ ತೆಗೆದುಕೊಂಡು ಕೊಂಬೆಗೆ ಸಿಕ್ಕಿಸಲು ನೋಡಿದರು, ಮೊದಲ ಸಲ ಆಗಲಿಲ್ಲ. ಎರಡನೇ ಸಲ ಕೂತಿತು. ಆಮೇಲೆ ಹಾಗೇ ನಿಂತರು. ಹೆಸರು ಬೇಡ, ಉಂಡೆ ಸಿಕ್ಕಿಸಿದ್ದೇ ಸಾಕು, ವಾಪಸು ಬನ್ನಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಮೊದಲು ಊರಿನ ಹೆಸರು ಹೇಳಿದರು. ಆಮೇಲೆ ಮಾವನ ತಂದೆಯ ಹೆಸರು. ಆಮೇಲೆ, ಮದುವೆಯಾದ ದಿನದಿಂದ ನುಂಗಿಕೊಂಡೇ ಬಂದಿದ್ದ ಆ ಹೆಸರು. ದನಿ ದೊಡ್ಡದಾಗಿರಲಿಲ್ಲ, ಆದರೆ ಒಂದಕ್ಷರವೂ ಅಳುಕಲಿಲ್ಲ. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವರು ಹೇಳಬೇಕಾದ ಹೆಸರು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಓಯಾ-ಸಾನ್ ಮುಂದಿನದನ್ನು ನಮಗೆ ಹೇಳಿರಲಿಲ್ಲ. ಅವರು ಮಾವನ ಹೆಸರಿಗೆ ಗೌರವದ ಸಾನ್ ಸೇರಿಸಿ ನಿಧಾನವಾಗಿ ಹೇಳಿದರು. ಅವರ ಹಿಂದೆ ಇಡೀ ಅಂಗಳ ಹೇಳಿತು, ಮಾಸ್ಕುಗಳ ಒಳಗಿನಿಂದ, ನಮ್ಮ ಒತ್ತಕ್ಷರಗಳನ್ನು ಬಿಡಿಸಿ ಬಿಡಿಸಿ, ಇಲ್ಲದ ಕಡೆ ಉಕಾರ ಸೇರಿಸಿ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನಿಯಲ್ಲಿ ಉತ್ತರ ಕೊಡುವ ನನ್ನ ಮಗಳು ಎಲ್ಲರಿಗಿಂತ ಜೋರಾಗಿ, ತಾತನ ಹೆಸರನ್ನು ಸರಿಯಾಗಿ ಹೇಳಿದಳು. ಆಮೇಲೆ ಎಲ್ಲರೂ ಸೊಂಟದಿಂದ ಬಾಗಿದರು. ಬಹಳ ಹೊತ್ತು ಹಾಗೇ ಬಾಗಿಕೊಂಡಿದ್ದರು. ಅತ್ತೆ ಅವರೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು, ಗುರುತು ಹಿಡಿಯುವವರ ಹಾಗೆ. ನೋಡುತ್ತ ನೋಡುತ್ತ ಅಳತೊಡಗಿದರು. ಗಂಡ ಸುಣ್ಣದ ಗುರುತು ದಾಟಿ ಓಡಿ ಬಂದು ಅಮ್ಮನನ್ನು ಹಿಡಿದುಕೊಂಡ, ಅವನೂ ಅಳುತ್ತಿದ್ದ. ಯಾರೂ ಅವನಿಗೆ ದೂರ ನಿಲ್ಲು ಎನ್ನಲಿಲ್ಲ.

ಎಲ್ಲರ ಉಂಡೆಗಳೂ ಏರಿದ ಮೇಲೆ ಹೊರಟೆವು. ಓಯಾ-ಸಾನ್ ಗೇಟಿನವರೆಗೆ ಬಂದು ಕಳಿಸಿಕೊಟ್ಟರು. ಬೀದಿಗೆ ಬಂದ ಮೇಲೆ ಅತ್ತೆ ಮೂಗು ಒರೆಸಿಕೊಂಡು, ಮೈಸೂರಿನಲ್ಲಿ ಈಗ ಎಷ್ಟು ಗಂಟೆ ಎಂದು ಕೇಳಿದರು. ಬೆಳಗಾಗಿದೆ, ನಾದಿನಿ ಎದ್ದಿರುತ್ತಾಳೆ ಎಂದೆ.

"ಅವಳಿಗೆ ಫೋನ್ ಮಾಡಿ ಕೊಡು," ಎಂದರು ಅತ್ತೆ. "ಜನ ಬಂದಿದ್ರು ಅಂತ ಹೇಳ್ಬೇಕು."